ನಂಜಮಾವ ಓದಿದ ಕಾಗದಗಳು

ಹೋದ ಡಿಸೆಂಬರಿನಲ್ಲಿ ಡೆಂಕಣಿಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮೊದಲು ಎದುರಾದದ್ದು ಅವರೆಕಾಯಿಯ ರಾಶಿ. ಗೋಣಿತಾಟಿನ ಮೇಲೆ ಸುರಿದುಕೊಂಡು ಕೂತಿದ್ದ ಹೆಂಗಸು ತಮಿಳಿನಲ್ಲಿ ಕೂಗುತ್ತಿದ್ದಳು. ನಾನು ಕನ್ನಡದಲ್ಲಿ ಚೌಕಾಸಿ ಮಾಡಿದೆ, ಅವಳು ತೆಲುಗಿನಲ್ಲಿ ಬೈದಳು. ಊರು ಬದಲಾಗಿಲ್ಲ ಎಂದು ಸಮಾಧಾನವಾಯಿತು. ಎರಡು ಕಿಲೋ ಹಾಕಿಸಿಕೊಂಡು ನಮ್ಮೂರಿನ ಬಸ್ಸು ಹತ್ತಿದೆ. ಕೈ ಸುಮ್ಮನಿರಬೇಕಲ್ಲ, ಕೂತಲ್ಲೇ ಒಂದೊಂದು ಕಾಯಿ ಸುಲಿಯತೊಡಗಿದೆ. ಬೆರಳಿಗೆ ಅಂಟು ಹತ್ತಿ, ಆ ಸೊಗಡಿನ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಹತ್ತೊಂಬತ್ತನೆಯ ವರ್ಷದ ಅವರೆ ಸುಗ್ಗಿ ಪೂರಾ ಎದ್ದು ಬಂತು. ಪಕ್ಕದಲ್ಲಿ ಕೂತಿದ್ದವರು ಒಂದು ಮಾತು ಕೇಳಿದ್ದರೆ ಅವರಿಗೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅವರು ಫೋನು ನೋಡುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಮಾದೇಶ ಸೈನ್ಯಕ್ಕೆ ಸೇರಿದ. ಅವನದು ಗುಮ್ಮಳಾಪುರ, ನನ್ನದು ಡೆಂಕಣಿಕೋಟೆಯಿಂದ ಕಾಡಿನ ಕಡೆಗಿರುವ ಒಂದು ಸಣ್ಣ ಹಳ್ಳಿ. ಹೊಸೂರಿನಲ್ಲಿ ಅವನು ಐಟಿಐ ಓದುತ್ತಿದ್ದ, ನಾನು ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಸಂಜೆ ಅವನ ಬಸ್ಸಿಗೂ ನನ್ನ ಬಸ್ಸಿಗೂ ಅರ್ಧ ಗಂಟೆ ವ್ಯತ್ಯಾಸ. ಆ ಅರ್ಧ ಗಂಟೆಯೇ ನಮ್ಮ ಪ್ರೀತಿಯ ಒಟ್ಟು ಆಸ್ತಿ. ಮಿಕ್ಕ ಹೊತ್ತು ಫೋನಿನಲ್ಲಿ ವಾಯ್ಸ್ ಮೆಸೇಜು. ಇಬ್ಬರೂ ಬಾಯಿಬಡುಕರು. ಬರೆಯುವ ಪ್ರಸಂಗವೇ ನಮಗೆ ಬಂದಿರಲಿಲ್ಲ.

ಅವನು ಟ್ರೈನಿಂಗಿಗೆ ಹೊರಟ ದಿನ ಹೊಸೂರು ಬಸ್ ಸ್ಟ್ಯಾಂಡಿಗೆ ಅವನ ಅಪ್ಪ, ದೊಡ್ಡಪ್ಪ, ಅತ್ತೆಯರು ಎಲ್ಲ ಬಂದಿದ್ದರು. ನಾನು ಯಾರೋ ಎಂಬಂತೆ ಜ್ಯೂಸ್ ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದೆ. ಅವನು ಕಪ್ಪು ಟ್ರಂಕನ್ನು ಅಪ್ಪನ ಕೈಗೆ ಕೊಟ್ಟು, ನೀರು ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದ. ನನ್ನ ಕಡೆ ನೋಡಲಿಲ್ಲ. ಅಂಗಡಿಯವನ ಮುಖ ನೋಡಿಕೊಂಡು, "ಅಣ್ಣಾ, ಒಂದ್ ಬಾಟ್ಲು ನೀರು ಕೊಡು. ಅಲ್ಲಿ ಫೋನ್ ಇಸ್ಕೊತಾರಂತೆ ಅಣ್ಣಾ. ಭಾನುವಾರ ಹತ್ ನಿಮಿಷ, ಅದೂ ಮನೆ ನಂಬರಿಗೊಂದೇ. ನಾನು ಕಾಗ್ದ ಬರೀತೀನಿ. ಅಳಬ್ಯಾಡ," ಅಂದ. ಅಂಗಡಿಯವನು ಬಾಟಲು ಹಿಡಿದುಕೊಂಡು ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ನನಗೆ ನಗು ಬಂತು, ನಗುತ್ತಲೇ ಕಣ್ಣೀರು ಇಳಿಯಿತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಕಾಗದ ಎಲ್ಲಿಗೆ ಬರಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ನಮ್ಮ ಮನೆಗೆ ಬಂದರೆ ಅಂಗಳದಲ್ಲೇ ಒಡೆದು ಎಲ್ಲರೂ ನೋಡುತ್ತಾರೆ. ಹಾಗಾಗಿ ನಂಜಮಾವನ ವಿಳಾಸ ಕೊಟ್ಟಿದ್ದೆ. ನಂಜಪ್ಪ ನಮ್ಮ ಅಮ್ಮನ ಕಿರಿಯ ತಮ್ಮ, ನನಗಿಂತ ಎಂಟು ವರ್ಷ ದೊಡ್ಡವನು. ಪಕ್ಕದ ಊರಿನಲ್ಲಿ ಅಜ್ಜಿಯ ಜೊತೆ ಇದ್ದ. ನಮ್ಮೂರಿನ ಗಡಿಗೆ ಹೊಂದಿಕೊಂಡ ಹೊಲದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತಿದ್ದ. ಹೊಲಿಗೆ ಕೋರ್ಸು ಮುಗಿದ ಮೇಲೆ ನಾನು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಹೂವಿನ ಕಡ್ಡಿ ವಿಂಗಡಿಸಿ, ಇಪ್ಪತ್ತಕ್ಕೆ ಒಂದು ಕಟ್ಟಿನಂತೆ ಕಟ್ಟಿ, ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದೆ. ಮಾವ ನನ್ನನ್ನು ಎತ್ತಿ ಆಡಿಸಿದವನು. ಸೈಕಲ್ ಕಲಿಸಿದವನು, ಬೀಳಿಸಿದವನೂ ಅವನೇ. "ಮಾವ, ನಿನ್ ಅಡ್ರೆಸ್ಸಿಗೆ ನಂಗೊಂದು ಕಾಗ್ದ ಬತ್ತದೆ," ಅಂದಾಗ ಕತ್ತರಿ ನಿಲ್ಲಿಸದೆ, "ಯಾರ್ದಮ್ಮಿ?" ಅಂದ. "ಬಂದಾಗ ಗೊತ್ತಾಯ್ತದೆ," ಅಂದೆ. ಮತ್ತೆ ಕೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಬಂತು. ದಪ್ಪ ಕವರು. ಒಳಗೆ ಎರಡೂ ಮಗ್ಗುಲು ತುಂಬಿಸಿದ ನಾಲ್ಕು ಹಾಳೆ. ಪಾಲಿಹೌಸಿನ ಮೂಲೆಗೆ ಓಡಿ, ಗೊಬ್ಬರದ ಚೀಲದ ಮೇಲೆ ಕೂತು, ಬಿಚ್ಚಿದೆ. ನೋಡಿದರೆ ಪೂರಾ ಕನ್ನಡದಲ್ಲಿದೆ!

ಬೇರೆ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಮನೆಮಾತು ಕನ್ನಡವೇ. ಆದರೆ ತಮಿಳುನಾಡಿನ ಗಡಿಯೊಳಗಿನ ನಮ್ಮೂರಿನಲ್ಲಿದ್ದದ್ದು ತಮಿಳು ಶಾಲೆ. ಒಂದನೆಯ ಕ್ಲಾಸಿನಿಂದ ಪ್ಲಸ್ ಟೂವರೆಗೆ ನಾನು ಓದಿದ್ದು, ಬರೆದದ್ದು ಎಲ್ಲ ತಮಿಳಿನಲ್ಲಿ. ಕನ್ನಡ ನನಗೆ ಬಾಯಲ್ಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಗುಮ್ಮಳಾಪುರದ ಮಾದೇಶ ಓದಿದ್ದು ಕನ್ನಡ ಮೀಡಿಯಂ. ತಮಿಳು ಸಲೀಸಾಗಿ ಮಾತಾಡುತ್ತಿದ್ದ, ಬಸ್ಸು ಮಾತ್ರ ಬೋರ್ಡು ಓದಲಾಗದೆ ನಂಬರು ನೋಡಿ ಹತ್ತುತ್ತಿದ್ದ. ಇಷ್ಟು ದಿನ ಪ್ರೀತಿ ಮಾಡಿದ್ದೆವು, ಇಬ್ಬರಿಗೂ ಬರುವ ಅಕ್ಷರ ಒಂದಾದರೂ ಇದೆಯಾ ಎಂದು ಯೋಚಿಸಿರಲಿಲ್ಲ. ಇಷ್ಟು ಚಂದ ಕನ್ನಡ ಮಾತಾಡುವವಳಿಗೆ ಓದಲು ಬಾರದೇ ಇರುತ್ತದಾ ಎಂದು ಅವನು ತಿಳಿದಿದ್ದ. ತಮಿಳುನಾಡಿನಲ್ಲೇ ಹುಟ್ಟಿದವನಿಗೆ ತಮಿಳು ಬಾರದೇ ಇರುತ್ತದಾ ಎಂದು ನಾನು ತಿಳಿದಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದಿತ್ತಲ್ಲ ಎಂದು ಈಗ ಕೇಳಿದವರೆಲ್ಲ ಹೇಳುತ್ತಾರೆ. ಬರೆಯಬಹುದಿತ್ತು. ಬ್ಯಾಂಕಿನ ಫಾರಂ ತುಂಬಿದ ಹಾಗೆ ಪ್ರೀತಿಯ ಕಾಗದ ಬರೆಯುವುದು ಇಬ್ಬರಿಗೂ ಒಗ್ಗಲಿಲ್ಲ.

ಊರಿನಲ್ಲಿ ಕನ್ನಡ ಓದುವ ಮೂರು ನಾಲ್ಕು ಜನ ಮುದುಕರಿದ್ದರು. ಅವರ ಕೈಗೆ ಕೊಟ್ಟರೆ ದೇವಸ್ಥಾನದ ಮೈಕಿನಲ್ಲಿ ಓದಿಸಿದಂತೆಯೇ. ಉಳಿದವನು ನಂಜಮಾವ. ಚಿಕ್ಕವನಿದ್ದಾಗ ಗಡಿಯಾಚೆಯ ನಂಟರ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದ್ದ. ಅರ್ಧ ಗಂಟೆ ಆ ಹಾಳೆಗಳನ್ನು ತಿರುವಿ ಹಾಕಿ, ಕೊನೆಗೆ ಮಾನ ಬಿಟ್ಟು ಅವನ ಮುಂದೆ ಹಿಡಿದೆ.

"ನಿನ್ ಕಾಗ್ದ ನಾನ್ ಓದ್ಬೇಕಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ಕೈ ತೊಳೆದು, ಲುಂಗಿಗೆ ಒರೆಸಿಕೊಂಡು ಓದಲು ಕೂತ.

ಮೊದಲ ದಿನವೇ ತಲೆ ಬೋಳಿಸಿದರಂತೆ. ಕನ್ನಡಿಯಲ್ಲಿ ನೋಡಿಕೊಂಡರೆ ತನ್ನ ಅಪ್ಪ ನಿಂತಿದ್ದನಂತೆ. ಬೆಳಗಾಗುವ ಮೊದಲೇ ಸೀಟಿ, ಆಮೇಲೆ ಓಟ, ಓಟ ಮುಗಿದ ಮೇಲೆ ಇನ್ನೊಂದು ಓಟ. ಹಿಂದಿ ತಲೆಬುಡ ತಿಳಿಯದೆ ಟ್ರೈನಿಂಗ್ ಕೊಡುವ ಉಸ್ತಾದ್ ಏನು ಹೇಳಿದರೂ ಪಕ್ಕದವನನ್ನು ನೋಡಿಕೊಂಡು ಹಾಗೇ ಮಾಡುತ್ತಿದ್ದನಂತೆ. ಪಕ್ಕದವನು ಮಣಿಪುರದ ಹುಡುಗ, ಅವನು ಇವನನ್ನು ನೋಡಿಕೊಂಡು ಮಾಡುತ್ತಿದ್ದನಂತೆ. ಇಬ್ಬರಿಗೂ ಸೇರಿ ಶಿಕ್ಷೆ. ಮಂಡ್ಯದ ಹುಡುಗರು ಇವನನ್ನು ತಮಿಳ ಅನ್ನುತ್ತಾರೆ, ತಮಿಳು ಹುಡುಗರು ಕನ್ನಡದವನು ಅನ್ನುತ್ತಾರೆ. ಮುದ್ದೆ ಕಣ್ಣಿಗೆ ಬಿದ್ದಿಲ್ಲ. ಮೂರನೆಯ ದಿನ ಓಡುತ್ತ ಓಡುತ್ತಲೇ ಅತ್ತುಬಿಟ್ಟನಂತೆ, ಬೆವರು ಎಂದು ಎಲ್ಲರೂ ತಿಳಿದರಂತೆ. "ಸಂಜೆ ಐದೂವರೆಗೆ ಟೀ ಕೊಡ್ತಾರೆ ರತ್ನ. ಆ ಹೊತ್ತಿಗೆ ನೀನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರ್ತಿದ್ದೆ. ನಿನ್ನ ಬಿಟ್ಟು ಇರಕ್ಕೆ ಆಗ್ತಿಲ್ಲ ಕಣೆ. ಮಗ್ಗು ಕೈಯಲ್ಲಿ ಹಂಗೇ ಇರ್ತದೆ."

ಮಾವ ಇದನ್ನೆಲ್ಲ ಟೊಮ್ಯಾಟೊ ಧಾರಣೆ ಓದುವ ಹಾಗೆ ಒಂದೇ ಸಮನೆ ಓದಿದ. ನಾನು ನೆಲ ನೋಡುತ್ತಿದ್ದೆ. ಮುಗಿದ ಮೇಲೆ ಮಡಿಚಿ ಕೊಟ್ಟು, "ಒಳ್ಳೆ ಹುಡ್ಗ. ಆದ್ರೆ ಅಳುಬುರುಕ," ಎಂದು ಹೂವು ಕತ್ತರಿಸಲು ಹೋದ.

ನಾನು ನನಗೆ ಬಂದ ಅಕ್ಷರದಲ್ಲೇ ಉತ್ತರ ಬರೆದೆ. ಮಾತು ಕನ್ನಡ, ಅಕ್ಷರ ತಮಿಳು. ಅಲ್ಲಿ ತಮಿಳು ಹುಡುಗರಿದ್ದಾರಲ್ಲ, ಯಾರಾದರೂ ಓದಿ ಹೇಳಲಿ ಎಂದು. ನಿನ್ನ ಕಾಗದವನ್ನು ಮಾವ ಓದಿದ ಎಂಬುದನ್ನೂ ಮುಚ್ಚಿಡದೆ ಬರೆದೆ.

ಅದಾಗಿ ಎರಡು ವಾರಕ್ಕೆ ಒಂದು ಭಾನುವಾರ ಅಜ್ಜಿ ನಮ್ಮ ಮನೆಗೆ ಬಂದಳು. ಮನೆಮಂದಿಯೆಲ್ಲ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ಮಾವನೂ ಇದ್ದ. ಕಾಳು ಬಟ್ಟಲಿಗೆ ಚಿಮ್ಮುತ್ತಿದ್ದ ಹೊತ್ತಿಗೆ ಅಜ್ಜಿ, "ತೈ ತಿಂಗ್ಳು ಮೊದಲ್ನೇ ಶುಕ್ರವಾರ ರತ್ನಂಗೆ ಹೂ ಮುಡ್ಸಿಬುಡಾನ. ನಂಜಂಗೂ ವಯಸ್ಸಾಯ್ತಾ ಬಂತು," ಅಂದಳು. ಪೊಂಗಲ್ ಹಬ್ಬದ ತಿಂಗಳಲ್ಲಿ ನನಗೂ ಮಾವನಿಗೂ ಮದುವೆ ನಿಶ್ಚಯ ಮಾಡುವ ಮಾತನ್ನು ಸಾರಿಗೆ ಉಪ್ಪು ಹಾಕುವ ವಿಷಯದ ಹಾಗೆ ಹೇಳಿದಳು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅವನಾಗಿ ಬೇಡ ಅನ್ನುವವರೆಗೆ ಇನ್ನೊಂದು ಮನೆಯವರು ಬಂದು ಹೆಣ್ಣು ಕೇಳುವ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸೈಕಲ್ಲಿನಿಂದ ಬೀಳಿಸಿದ ಮಾವನಿಗೂ ಆ ಹಕ್ಕಿಗೂ ಸಂಬಂಧವಿದೆ ಎಂದು ನಾನು ಎಂದೂ ನೆನೆಸಿರಲಿಲ್ಲ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಸಂತೋಷಕ್ಕೆ. ಅಪ್ಪ ತಲೆಯಾಡಿಸಿದ. ನಾನು ಮಾವನ ಮುಖ ನೋಡಿದೆ. ಈಗ ಹೇಳುತ್ತಾನೆ, ಅವಳಿಗೆ ಬೇರೆ ಮನಸ್ಸಿದೆ ಎಂದು ಈಗ ಹೇಳುತ್ತಾನೆ ಎಂದು ಕಾದೆ. ಅವನು ತಲೆ ತಗ್ಗಿಸಿಕೊಂಡು ಕಾಳು ಹಿತುಕುತ್ತಲೇ ಇದ್ದ. ಅಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ.

ನಾಲ್ಕು ದಿನ ನಾನು ಪಾಲಿಹೌಸಿಗೆ ಹೋಗಲಿಲ್ಲ. ಐದನೆಯ ದಿನ ಮಾವನೇ ಬೇಲಿಯ ಆಚೆಯಿಂದ, "ಕಾಗ್ದ ಬಂದದೆ," ಎಂದು ಕೂಗಿ ಹೋದ. ಹೋಗದೆ ಇರಲು ಆಗುತ್ತದಾ? ಹೋದೆ. ಮುಖ ಊದಿಸಿಕೊಂಡೇ ಕವರು ಇಸಿದುಕೊಂಡು, ಒಡೆದು, ಮತ್ತೆ ಅವನ ಕೈಗೇ ಕೊಡಬೇಕಾಯಿತು. ಅವತ್ತಿನಷ್ಟು ಅವಮಾನ ನನಗೆ ಯಾವತ್ತೂ ಆಗಿಲ್ಲ.

ನನ್ನ ಕಾಗದವನ್ನು ತಿರುನೆಲ್ವೇಲಿಯ ಮುತ್ತುಪಾಂಡಿ ಎಂಬ ಹುಡುಗ ಓದಿದನಂತೆ. ಅವನಿಗೆ ಕನ್ನಡದ ಗಂಧವಿಲ್ಲ. ಅಕ್ಷರ ಕಂಡ ಹಾಗೆ ಮಂತ್ರದಂತೆ ಓದುತ್ತ ಹೋದನಂತೆ. ಕೇಳುತ್ತ ಮಾದೇಶ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರೆ, ಮುತ್ತುಪಾಂಡಿ, "ಏನಪ್ಪಾ, ಊರಲ್ಲಿ ಯಾರಾದ್ರೂ ಸತ್ತೋದ್ರಾ?" ಎಂದು ಗಾಬರಿಯಾದನಂತೆ. ಕಾಗದಕ್ಕೆ ನನ್ನ ಬೆರಳಿನ ಅವರೆ ಸೊಗಡು ಹತ್ತಿತ್ತು. ದಿಂಬಿನ ಕೆಳಗೆ ಇಟ್ಟುಕೊಂಡರೆ ಇಡೀ ಬ್ಯಾರಕ್ಕು, ಇದೇನು ವಾಸನೆ ಎಂದು ಹುಡುಕಿತಂತೆ. ಮೊದಲ ಸಲ ಆ ವಾರ ಹೊಟ್ಟೆ ತುಂಬ ಊಟ ಮಾಡಿದೆ ಎಂದು ಬರೆದಿದ್ದ.

ಅವನ ಓದುಗನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ನನ್ನ ಓದುಗನಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಮೂರನೆಯ ಹಾಳೆಯನ್ನು ಮಾವ ಬೆಳಕಿಗೆ ಹಿಡಿದ. ಆಮೇಲೆ ಅದೇ ಧ್ವನಿಯಲ್ಲಿ ಮುಂದುವರಿಸಿದ. "ನಿಮ್ಮ ಮಾವ ಓದ್ತಾನೆ ಅಂತ ಬರ್ದಿದ್ದೀಯ. ಅವನಿಗೆ ನಿನ್ನ ಮೇಲೆ ಮನಸ್ಸಿದೆ ಅಂತ ನಿಮ್ಮೂರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನೇ ನಿಮ್ಮೂರ ಜನ ಆಡಿಕೊಳ್ಳೋದು ಕೇಳಿದ್ದೀನಿ. ಅವನನ್ನು ನಂಬಬೇಡ. ಈ ಸಾಲನ್ನು ಅವನು ಬಿಟ್ಟು ಓದಿದರೂ ನಿನಗೆ ತಿಳಿಯಲ್ಲ. ಅದಕ್ಕೇ ನನಗೆ ಭಯ."

ಕೊನೆಯ ಸಾಲಿನವರೆಗೂ ಓದಿ, ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿದ.

"ದಿಟವಾ ಮಾವ?" ಅಂದೆ.

"ಅಜ್ಜಿ ಹೇಳಿದ್ದನ್ನ ಅವಂಗೆ ಬರ್ದ್ಯಾ?" ಎಂದು ಕೇಳಿದ.

"ಇಲ್ಲ."

"ಇವತ್ತೇ ಬರಿ. ತೈ ಮೊದಲ್ನೇ ಶುಕ್ರವಾರ ಅಂತ ದಿನಾನೂ ಬರಿ. ಅವರಪ್ಪ ಬಂದು ಕೇಳ್ತಾನೋ ಇಲ್ವೋ, ಒಂದ್ ತೀರ್ಮಾನ ಹೇಳ್ಳಿ. ಆ ಕಾಗ್ದ ಮಾತ್ರ ನಾನ್ ಓದಾಕಿಲ್ಲ."

"ಮತ್ಯಾರು ಓದ್ತಾರೆ?"

"ನೀನೇ."

ಅಷ್ಟು ಹೇಳಿ, ಹೂವು ಸುತ್ತಲು ಇಟ್ಟಿದ್ದ ಪೇಪರಿನ ರಾಶಿಯನ್ನು ನೆಲಕ್ಕೆ ಹರವಿದ. ಹೊಸೂರಿನ ರದ್ದಿ ಅಂಗಡಿಯಿಂದ ತಂದದ್ದು, ತಮಿಳು ತೆಲುಗು ಇಂಗ್ಲಿಷ್ ಕನ್ನಡ ಎಲ್ಲ ಕಲಸುಮೇಲೋಗರ. ಅದರಲ್ಲಿ ಕನ್ನಡದ್ದನ್ನು ಆರಿಸಿ ಬೇರೆ ಇಟ್ಟ. ದಪ್ಪಕ್ಷರದ ತಲೆಬರಹದ ಮೇಲೆ ಮುಳ್ಳು ಕೀಳುವ ಚಾಕುವಿನ ತುದಿ ಇಟ್ಟು, "ಇದು ರ. ನಿನ್ ಹೆಸ್ರಿನ ಮೊದಲ್ನೇ ಅಕ್ಷರ," ಅಂದ.

ಅವತ್ತೇ ಕಾಗದ ಬರೆದು ಹಾಕಿದೆ. ಮೂರು ವಾರ ನಾನು ಕಲಿತೆ. ಕಡ್ಡಿ ವಿಂಗಡಿಸುತ್ತ ಕಲಿತೆ, ಕಟ್ಟು ಸುತ್ತುತ್ತ ಕಲಿತೆ. ದಿನಕ್ಕೆ ಆರು ಅಕ್ಷರ, ಆಮೇಲೆ ಹತ್ತು. ಅಕ್ಷರ ಬಂದವು, ಒತ್ತಕ್ಷರ ಜೀವ ತಿಂದವು. ಪೇಪರಿನಲ್ಲಿ ಪ್ರೇಮದ ಮಾತು ಎಲ್ಲಿರುತ್ತದೆ? ನಾನು ಮೊದಲು ಪೂರ್ತಿಯಾಗಿ ಓದಿದ ಪದ 'ಶ್ರದ್ಧಾಂಜಲಿ'. ಅದನ್ನು ಬಿಡಿಸಿ ಓದಲು ಒಂದು ಬೆಳಿಗ್ಗೆ ಹಿಡಿಯಿತು. ಮಾವ ಬೈಯುತ್ತಿದ್ದ, ನಗುತ್ತಿದ್ದ, ತಪ್ಪಿದರೆ ಗುಲಾಬಿ ಕಡ್ಡಿಯಿಂದ ತಲೆಗೆ ಮೊಟಕುತ್ತಿದ್ದ. ಮಾದೇಶನ ಮಾತು ಎತ್ತಲಿಲ್ಲ. ನಾನು ಕೇಳಿದ ಪ್ರಶ್ನೆಯ ಕಡೆಗೂ ಬರಲಿಲ್ಲ.

ಸ್ವಲ್ಪ ಕೈ ಕುದುರಿದ ಮೇಲೆ ಒಂದು ಮಧ್ಯಾಹ್ನ, ಅವನು ಊಟಕ್ಕೆ ಹೋಗಿದ್ದಾಗ, ಹಳೆಯ ಎರಡು ಕಾಗದಗಳನ್ನು ತೆಗೆದೆ. ಏನು ಬಿಟ್ಟಿದ್ದಾನೆ, ಏನು ಸೇರಿಸಿದ್ದಾನೆ ಎಂದು ಹುಡುಕುವುದೇ ನನ್ನ ಉದ್ದೇಶ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಅವನು ಓದಿದ ಒಂದೊಂದು ಮಾತೂ ನನಗೆ ಬಾಯಿಪಾಠವಾಗಿತ್ತಲ್ಲ. ಒಂದು ಪದ ಆಚೆ ಈಚೆ ಇರಲಿಲ್ಲ. 'ಅವನನ್ನು ನಂಬಬೇಡ' ಎಂಬ ಕಡೆ ಮಾದೇಶ ಪೆನ್ನನ್ನು ಒತ್ತಿ ಬರೆದಿದ್ದ, ಹಾಳೆ ತೂತಾಗಿತ್ತು.

ಕಾಗದ ಮಾತ್ರ ಬರಲಿಲ್ಲ. ರಾಗಿ ಕೊಯ್ಲಾಗಿ ಮೆದೆ ಹಾಕಿದ್ದ ಸಮಯ. ಕಾಡಿನಿಂದ ಆನೆ ಹಿಂಡು ಇಳಿದು ನಮ್ಮೂರಿನ ಕೆರೆಯ ಹಿಂದಿನ ತೋಪಿನಲ್ಲಿ ಬೀಡುಬಿಟ್ಟಿತ್ತು. ಡೆಂಕಣಿಕೋಟೆಯ ದಾರಿಯಲ್ಲಿ ಬಸ್ಸು ನಿಂತಿತು. ಪೋಸ್ಟ್‌ಮ್ಯಾನ್, "ನಂಗೂ ಹೆಂಡ್ರು ಮಕ್ಳವ್ರೆ," ಎಂದು ಸೈಕಲ್ ಒಳಗಿಟ್ಟುಕೊಂಡ. ಪೊಂಗಲ್ ಮುಗಿಯಿತು. ಅಜ್ಜಿ ಹೂ ಮುಡಿಸುವ ದಿನದ ಸೀರೆಗೆ ಹೊಸೂರಿಗೆ ಹೇಳಿ ಕಳಿಸಿದಳು. ಇನ್ನು ಉಳಿದದ್ದು ನಾಲ್ಕೇ ದಿನ. ನಾನು ದಿನಾ ಕೆರೆ ಏರಿಯ ಮೇಲೆ ನಿಂತು ಆ ಆನೆಗಳಿಗೆ ಹಿಡಿಶಾಪ ಹಾಕುತ್ತಿದ್ದೆ. ಮಾದೇಶನ ಮೇಲೂ ಅನುಮಾನ ಬಂತು. ಬರೆಯಲೇ ಇಲ್ಲವೇನೋ. ಅಲ್ಲಿ ಓಡಿ ಓಡಿ ನನ್ನ ಮುಖವೇ ಮರೆತುಹೋಯಿತೇನೋ.

ಸೋಮವಾರ ಸಂಜೆ ಮಾವ ನಮ್ಮ ಮನೆಗೆ ಬಂದ. ಅಜ್ಜಿಯನ್ನೂ ಕರೆದುಕೊಂಡು ಬಂದಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲೇ ಇಲ್ಲ.

"ಅಕ್ಕಾ, ಶುಕ್ರವಾರದ್ದು ಬ್ಯಾಡ. ನಾನು ರತ್ನನ್ನ ಮಾಡ್ಕೊಳ್ಳಾಕಿಲ್ಲ," ಅಂದ.

ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಯಾಕ್ಲಾ? ಹುಡ್ಗಿಗೆ ಏನಾಗದೆ?"

"ಅವ್ಳಿಗೇನೂ ಆಗಿಲ್ಲ, ಬಂಗಾರದಂಥವ್ಳು. ಎತ್ತಾಡ್ಸಿದ ಕೂಸು ಕಣವ್ವ. ನಂಗೆ ಆ ತರ ಮನಸ್ಸು ಬರಾಕಿಲ್ಲ. ಯಾವತ್ತೂ ಬಂದಿಲ್ಲ. ತಪ್ಪು ನಂದೇ, ಮೊದ್ಲೇ ಹೇಳ್ಬೇಕಿತ್ತು. ಬೇರೆ ಯಾರಾನ ಬಂದು ಕೇಳಿದ್ರೆ ಕೊಡ್ರಿ, ನಂದು ಅಡ್ಡಿಲ್ಲ."

ಅಮ್ಮ ಅತ್ತಳು. ಅಜ್ಜಿ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ನಿನ್ನ ಸಂಬಂಧ ಕಡಿದುಕೊಂಡೆ, ಹೋಗ್ಲಾ ಅಂದಳು. ಅವನು ಎಲ್ಲವನ್ನೂ ನಿಂತುಕೊಂಡೇ ಕೇಳಿಸಿಕೊಂಡ. ಕಾಗದದಲ್ಲಿ ಒಂದಕ್ಷರ ಬಿಡದೆ, ತನಗೇ ಇರಿಯುವ ಸಾಲನ್ನೂ ಬಿಡದೆ ಓದಿದವನು, ಅವತ್ತು ತನ್ನ ತಾಯಿಯ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದ. ಆ ಸುಳ್ಳು ಯಾಕೆ ಎಂದು ಆ ಮನೆಯಲ್ಲಿ ನನಗೆ ಮಾತ್ರ ಗೊತ್ತಿತ್ತು. ಮಾದೇಶನ ತೀರ್ಮಾನ ಏನೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವನ ಕಡೆಯಿಂದ ಇಲ್ಲ ಎಂದು ಬಂದರೆ ನಾನು ಮಾವನೇ ಬೇಡವೆಂದ ಹುಡುಗಿಯಾಗಿ ಊರಲ್ಲಿ ಉಳಿಯುತ್ತಿದ್ದೆ.

ಬುಧವಾರ ಆನೆಗಳು ಕಾಡಿಗೆ ತಿರುಗಿದವು. ಗುರುವಾರ ಬೆಳಿಗ್ಗೆ ನಾನು ಪಾಲಿಹೌಸಿಗೆ ಹೋದಾಗ ಮಾವ ಕವರನ್ನು ಪೇಪರಿನ ರಾಶಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಒಡೆದಿರಲಿಲ್ಲ.

"ತಗಾ," ಅಂದ. "ಓದ್ಕೊ."

ಗೊಬ್ಬರದ ಚೀಲದ ಮೇಲೆ ಕೂತೆ. ಈ ಸಲ ಒಂದೇ ಹಾಳೆ. ಅಕ್ಷರ ಕುಣಿಯುತ್ತಿತ್ತು. ಮಾವ ಎರಡು ಸಾಲು ಆಚೆ, ನನಗೆ ಬೆನ್ನು ಮಾಡಿಕೊಂಡು, ಕತ್ತರಿ ಹಿಡಿದು ನಿಂತಿದ್ದ. ನಾನು ಮೊದಲ ಸಾಲಿಗೆ ಬೆರಳಿಟ್ಟು ಶುರುಮಾಡಿದೆ.

"ನ... ನ್ನ... ನನ್ನ ಜೀ... ವದ... ರತ್ನ..."

ಕತ್ತರಿ ನಿಂತಿತು.

"ಗಟ್ಟಿಯಾಗಿ ಓದ್ಬ್ಯಾಡ ಕಣಮ್ಮಿ," ಅಂದ ಮಾವ, ತಿರುಗದೆಯೇ. "ಮನಸ್ನಲ್ಲೇ ಓದ್ಕೊ."

ಪ್ರಯತ್ನ ಮಾಡಿದೆ. ತುಟಿ ಬಿಗಿಹಿಡಿದು ನೋಡಿದೆ. ಅಕ್ಷರಗಳು ಅಕ್ಷರಗಳಾಗಿಯೇ ಉಳಿದವು, ಮಾತಾಗಲಿಲ್ಲ. ಮೂರು ವಾರದ ವಿದ್ಯೆ, ಕಿವಿಗೆ ಬಿದ್ದರಷ್ಟೇ ನನಗೆ ಅರ್ಥವಾಗುತ್ತಿತ್ತು.

"ಮನಸ್ನಲ್ಲಿ ಓದಾಕೆ ನಂಗೆ ಇನ್ನೂ ಬರಾಕಿಲ್ಲ ಮಾವ," ಅಂದೆ. ಅಳು ಬಂದುಬಿಟ್ಟಿತ್ತು.

ಅವನು ಕತ್ತರಿಯನ್ನು ಬಕೆಟ್ಟಿನೊಳಗೆ ಹಾಕಿ, ಮೂಲೆಗೆ ಹೋಗಿ, ಔಷಧಿ ಹೊಡೆಯುವ ಮೋಟಾರಿನ ಹಗ್ಗ ಎಳೆದ. ಅದು ಗುಡುಗುಡು ಎಂದು ಹೊತ್ತಿಕೊಂಡು ಇಡೀ ಪಾಲಿಹೌಸನ್ನು ಸದ್ದಿನಿಂದ ತುಂಬಿತು. ಪೈಪನ್ನು ಹೆಗಲಿಗೆ ಹಾಕಿಕೊಂಡು ದೂರದ ಕೊನೆಗೆ ನಡೆದುಹೋದ. ಹಿಂದಿನ ದಿನವಷ್ಟೇ ಎಲ್ಲ ಗಿಡಕ್ಕೂ ಔಷಧಿ ಹೊಡೆದಾಗಿತ್ತು.

ಆ ಸದ್ದಿನಲ್ಲಿ ನಾನು ಕಾಗದವನ್ನು ಗಟ್ಟಿಯಾಗಿ ಓದಿದೆ. ಭಾನುವಾರದ ಹತ್ತು ನಿಮಿಷದಲ್ಲಿ ಅವರಪ್ಪನಿಗೆ ಎಲ್ಲ ಹೇಳಿದ್ದಾನೆ, ಅಪ್ಪ ಒಪ್ಪಿದ್ದಾನೆ, ನಿಮ್ಮ ಮಾವ ಬೇಡವೆಂದು ಒಂದು ಮಾತು ಅಂದರೆ ಸಾಕು, ಮರುದಿನವೇ ಬಂದು ಕೇಳುತ್ತಾರೆ ಎಂದು ಬರೆದಿತ್ತು. ಓದಿ ಮುಗಿಸಿ ತಲೆಯೆತ್ತಿದೆ. ಮಾವ ಅಲ್ಲೇ ದೂರದಲ್ಲಿ, ಪೈಪನ್ನು ನೆಲಕ್ಕೆ ಬಿಟ್ಟುಕೊಂಡು, ಮೋಟಾರು ನಿಲ್ಲಿಸದೆ, ನಾನು ಸನ್ನೆ ಮಾಡುವುದನ್ನೇ ಕಾಯುತ್ತ ನಿಂತಿದ್ದ.